ವೇಗದ ಶಾನುಭೋಗ

ಮೋಟಾರು ಓಟದ ಪಥವೆಂದೊಡನೆ ನಮ್ಮಲ್ಲಿ ಅನೇಕರ ಕಣ್ಣೆದುರು ಪಂದ್ಯದ ಚಿತ್ರವೇ ಬಂದು ನಿಲ್ಲುತ್ತದೆ: ಬಾವುಟ, ಜನಜಂಗುಳಿ, ಗೆದ್ದವನ ಕೊರಳಿಗೆ ಹಾರ. ಆದರೆ ವರ್ಷದ ಎಷ್ಟೋ ದಿನ ಆ ಪಥದಲ್ಲಿ ಪಂದ್ಯವಿರುವುದಿಲ್ಲ. ಅಂಥ ದಿನಗಳಲ್ಲಿ ಕೆಲವನ್ನು ಸಾಮಾನ್ಯ ಕಾರಿನ ಒಡೆಯರಿಗೆ ಬಿಟ್ಟುಕೊಡುವ ಪದ್ಧತಿಯುಂಟು. ಶುಲ್ಕ ಕಟ್ಟಿ, ಹೆಲ್ಮೆಟ್ ಧರಿಸಿ, ದಿನವೂ ಕಚೇರಿಗೆ ಓಡಿಸುವ ಕಾರನ್ನೇ ಅಲ್ಲಿಗೆ ಒಯ್ಯಬಹುದು. ಎದುರಿನಿಂದ ಲಾರಿ ಬಾರದ, ದನಕರು ಅಡ್ಡ ಬಾರದ ಹಾದಿಯಲ್ಲಿ ತನ್ನ ಅಳವನ್ನೂ ಕಾರಿನ ಅಳವನ್ನೂ ಪರೀಕ್ಷಿಸಿಕೊಳ್ಳಬಹುದು. ಇದನ್ನು ಟ್ರ್ಯಾಕ್ ಡೇ ಎನ್ನುತ್ತಾರೆ. ಇಲ್ಲಿ ಬಹುಮಾನವಿಲ್ಲ, ಪ್ರತಿಸ್ಪರ್ಧಿಯೂ ಇಲ್ಲ. ಕಲಿಯುವವನು ಮತ್ತು ಹಾದಿ, ಇಷ್ಟೆ.

ಬೆಂಗಳೂರಿನ ಉತ್ಸಾಹಿಗಳು ಇದಕ್ಕಾಗಿ ಚೆನ್ನೈ ಹೆದ್ದಾರಿ ಹಿಡಿಯುತ್ತಾರೆ. ಆ ಹೆದ್ದಾರಿಯ ಮೇಲೆ, ಶ್ರೀಪೆರುಂಬುದೂರಿನ ಬಳಿ, ಇರುಂಗಾಟ್ಟುಕೋಟ್ಟೈ ಎಂಬಲ್ಲಿ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಪಥವಿದೆ. ೧೯೯೦ರಲ್ಲಿ ಆರಂಭವಾದ ಈ ಪಥದ ಪೂರ್ಣ ಸುತ್ತು ೩.೭೧೭ ಕಿಲೋಮೀಟರು, ತಿರುವುಗಳು ಹನ್ನೆರಡು. ದೆಹಲಿಯ ಹತ್ತಿರ, ಗ್ರೇಟರ್ ನೋಯ್ಡಾದಲ್ಲಿ, ೨೦೧೧ರಲ್ಲಿ ತೆರೆದ ಬುದ್ಧ ಸರ್ಕೀಟು ೫.೧೨೫ ಕಿಲೋಮೀಟರು. ಇಂಥ ಹಾದಿಯಲ್ಲಿ ನಾಲ್ಕು ಸುತ್ತು ಹೊಡೆದು ಬಂದ ಚಾಲಕನನ್ನು ಮಾತಾಡಿಸಿ ನೋಡಿ. ಕಣ್ಣಲ್ಲಿ ಹೊಳಪು, ಬೆವೆತ ಅಂಗೈ. 'ಹೇಗಾಯಿತು?' ಎಂದರೆ, 'ಆ ದೊಡ್ಡ ತಿರುವಿನಲ್ಲಿ ಅದ್ಭುತವಾಗಿ ಹೋದೆ' ಎನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಆದರೆ ಅವನು ಹೇಳುತ್ತಿರುವುದು ವೇಗವನ್ನಲ್ಲ, ವೇಗದ ಅನುಭವವನ್ನು. ಟೈರು ಕಿರುಚಿದಾಗ, ಕಾರು ಓಲಾಡಿದಾಗ ನಮಗೆ ವೇಗವೆನಿಸುತ್ತದೆ; ನಯವಾಗಿ ಜಾರಿಹೋದಾಗ ನಿಧಾನವೆನಿಸುತ್ತದೆ. ಎಷ್ಟೋ ಸಲ ನಿಜ ಇದಕ್ಕೆ ತಿರುಗುಮುರುಗು.

ಕೈಗಡಿಯಾರ ಹಿಡಿದು ನಿಂತ ಗೆಳೆಯ ಒಟ್ಟು ಸುತ್ತಿನ ಕಾಲವನ್ನು ಹೇಳಬಲ್ಲ. ಅದು ಪರೀಕ್ಷೆಯ ಒಟ್ಟು ಅಂಕವಿದ್ದಂತೆ. ಯಾವ ಪ್ರಶ್ನೆಯಲ್ಲಿ ಎಡವಿದ್ದೆಂದು ಅದರಿಂದ ತಿಳಿಯದು. ಅದನ್ನು ತಿಳಿಸಲು ಇರುವ ಪುಟ್ಟ ಯಂತ್ರಕ್ಕೆ ಡೇಟಾ ಲಾಗರ್ ಎಂದು ಹೆಸರು. ನಾನು ಇದನ್ನು ಶಾನುಭೋಗನಿಗೆ ಹೋಲಿಸುತ್ತೇನೆ. ಊರಿನ ಯಾವ ತುಂಡು ಭೂಮಿ ಯಾರದು, ಎಷ್ಟು ಬೆಳೆಯಿತು, ಎಷ್ಟು ಬಾಕಿ ಎಂದು ಅವನು ಖಿರ್ದಿಯಲ್ಲಿ ಬರೆಯುತ್ತಿದ್ದ ಹಾಗೆ, ಹಾದಿಯ ಯಾವ ತುಂಡಿನಲ್ಲಿ ಎಷ್ಟು ವೇಗ, ಎಷ್ಟು ಕಾಲ, ಎಲ್ಲಿ ನಷ್ಟ ಎಂದು ಇದು ಬರೆದಿಡುತ್ತದೆ. ಹೊಗಳುವುದಿಲ್ಲ, ತೆಗಳುವುದಿಲ್ಲ. ಅಂಗಡಿಯಲ್ಲಿ ಈ ಶಾನುಭೋಗರು ಹಲವು ಬಗೆಯವರು, ಹಲವು ಬೆಲೆಯವರು. ಯಾರನ್ನು ನೇಮಿಸಿಕೊಳ್ಳಬೇಕು? ಇದು ಈ ಭಾಷಣದ ವಿಷಯ.

ಮೊದಲು ಅವನು ಹೇಗೆ ಬರೆಯುತ್ತಾನೆಂಬುದನ್ನು ನೋಡೋಣ. ಸುಮಾರು ೨೦,೦೦೦ ಕಿಲೋಮೀಟರು ಎತ್ತರದಲ್ಲಿ ಸುತ್ತುವ ಜಿ.ಪಿ.ಎಸ್. ಉಪಗ್ರಹಗಳ ರೇಡಿಯೋ ಸಂಕೇತಗಳನ್ನು ಹಿಡಿದು ಯಂತ್ರವು ತಾನಿರುವ ಸ್ಥಳವನ್ನು ಗುಣಿಸಿಕೊಳ್ಳುತ್ತದೆ. ಅಮೆರಿಕವು ನಾಗರಿಕರ ಸಂಕೇತದಲ್ಲಿ ಬೇಕೆಂದೇ ಸೇರಿಸುತ್ತಿದ್ದ ದೋಷವನ್ನು ೨೦೦೦ದ ಮೇ ೨ರಂದು ನಿಲ್ಲಿಸಿತು. ಅದುವರೆಗೆ ನೂರು ಮೀಟರಿನಷ್ಟು ತಪ್ಪಬಹುದಾಗಿದ್ದ ಲೆಕ್ಕ ಆಮೇಲೆ ಕೆಲವೇ ಮೀಟರಿಗೆ ಇಳಿಯಿತು. ಸ್ಥಳದಲ್ಲಿ ಕೆಲವು ಮೀಟರು ತಪ್ಪಿದರೂ ವೇಗದ ಲೆಕ್ಕ ಇನ್ನೂ ನಿಖರ. ಹತ್ತಿರ ಬರುವ ರೈಲಿನ ಸಿಳ್ಳು ಏರುದನಿಯಲ್ಲಿಯೂ ದೂರ ಸರಿಯುವಾಗ ಇಳಿದನಿಯಲ್ಲಿಯೂ ಕೇಳಿಸುವುದಲ್ಲವೆ? ರೇಡಿಯೋ ತರಂಗದ ಅಂಥದೇ ಏರಿಳಿತದಿಂದ ವೇಗವನ್ನು ತಿಳಿಯುತ್ತಾರೆ.

ಇನ್ನು ಬರವಣಿಗೆ ಎಷ್ಟು ಸಲ ಎಂಬ ಪ್ರಶ್ನೆ. ಸೆಕೆಂಡಿಗೆ ಒಂದು ಸಲ ಬರೆದರೆ ಅದು ಒಂದು ಹರ್ಟ್ಸ್, ಹತ್ತು ಸಲವಾದರೆ ಹತ್ತು ಹರ್ಟ್ಸ್. ಗಂಟೆಗೆ ೧೮೦ ಕಿಲೋಮೀಟರು ಎಂದರೆ ಸೆಕೆಂಡಿಗೆ ೫೦ ಮೀಟರು. ಒಂದು ಹರ್ಟ್ಸಿನ ಯಂತ್ರ ಪ್ರತಿ ೫೦ ಮೀಟರಿಗೆ ಒಂದು ಚುಕ್ಕೆ ಇಡುತ್ತದೆ. ಹತ್ತು ಹರ್ಟ್ಸಿನದು ೫ ಮೀಟರಿಗೆ, ಇಪ್ಪತ್ತೈದರದು ೨ ಮೀಟರಿಗೆ. ಗಂಟೆಗೆ ೭೨ ಕಿಲೋಮೀಟರಿನಲ್ಲಿ ದಾಟುವ, ಅರವತ್ತು ಮೀಟರು ಉದ್ದದ ತಿರುವನ್ನು ತೆಗೆದುಕೊಳ್ಳಿ. ಒಂದು ಹರ್ಟ್ಸಿನಲ್ಲಿ ಅದಕ್ಕೆ ಸಿಗುವುದು ಮೂರು ಚುಕ್ಕೆ. ಮೂರು ಚುಕ್ಕೆಯ ರಂಗೋಲಿಯಲ್ಲಿ ಎಂಥ ಬಳ್ಳಿ ಬಿಡಿಸಬಹುದು? ಹತ್ತು ಹರ್ಟ್ಸಿನಲ್ಲಿ ಮೂವತ್ತು ಚುಕ್ಕೆಗಳಾಗಿ, ತಿರುವಿನ ಆಕಾರವೂ ಬ್ರೇಕು ಒತ್ತಿದ ಎಡೆಯೂ ಮೂಡುತ್ತವೆ. ಆದುದರಿಂದ ಹತ್ತಕ್ಕೆ ಕಡಮೆಯಾದುದನ್ನು ಕೊಳ್ಳಬೇಡಿ ಎಂಬುದು ನನ್ನ ಮೊದಲ ಮಾತು. ಅದಕ್ಕಿಂತ ಹೆಚ್ಚಿದ್ದರೆ ಒಳ್ಳೆಯದೇ, ಆದರೆ ಲಾಭ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಪೆಟ್ಟಿಗೆಯ ಮೇಲೆ ಅಚ್ಚಾದ ಸಂಖ್ಯೆ ನಿಜವಾಗಿ ಅಳೆದ ಚುಕ್ಕೆಗಳದೋ, ನಡುವೆ ಊಹಿಸಿ ತುಂಬಿದವುಗಳದೋ ಎಂದು ಕೇಳಿಕೊಳ್ಳುವುದು ಲೇಸು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಕೊಳ್ಳುವವನಿಗೂ ಸಲ್ಲುತ್ತದೆ.

ಎಲ್ಲರ ಜೇಬಿನಲ್ಲೂ ಇರುವ ಮೊಬೈಲ್ ಫೋನು ಸಾಲದೆ ಎಂದು ಕೇಳಬಹುದು. ಫೋನಿನೊಳಗಿನ ಜಿ.ಪಿ.ಎಸ್. ಸಾಮಾನ್ಯವಾಗಿ ಸೆಕೆಂಡಿಗೆ ಒಂದು ಸಲ ಮಾತ್ರ ಲೆಕ್ಕ ಕೊಡುತ್ತದೆ. ಆದರೆ ಹತ್ತು ಅಥವಾ ಇಪ್ಪತ್ತೈದು ಹರ್ಟ್ಸಿನ ಸಣ್ಣ ಗ್ರಾಹಕವೊಂದನ್ನು ಬೇರೆಯಾಗಿ ಕೊಂಡು, ತಂತಿಯಿಲ್ಲದೆ ಫೋನಿಗೆ ಜೋಡಿಸಿ, ರೇಸ್‌ಕ್ರೋನೋ ಮೊದಲಾದ ತಂತ್ರಾಂಶಗಳಲ್ಲಿ ಲೆಕ್ಕ ಇಡಬಹುದು. ಹೊಸಬನಿಗೆ ಇದು ಅಗ್ಗದ, ಸಾಕಾದಷ್ಟು ಒಳ್ಳೆಯ ಏರ್ಪಾಡು. ಇದರ ದೌರ್ಬಲ್ಯವೆಂದರೆ ಫೋನೇ. ನಮ್ಮ ಬಿಸಿಲಿನಲ್ಲಿ ಗಾಜಿನ ಹಿಂದೆ ಕಾದು ಅದು ನಡುವೆಯೇ ಕಣ್ಣು ಮುಚ್ಚಿಕೊಳ್ಳಬಹುದು. ಇದಕ್ಕೆಂದೇ ಮಾಡಿದ ಯಂತ್ರಗಳಲ್ಲಿ ಇಟಲಿಯ ಎಯಿಮ್ ಕಂಪನಿಯ ಸೋಲೋ, ಇಂಗ್ಲೆಂಡಿನ ರೇಸ್‌ಲಾಜಿಕ್ ಕಂಪನಿಯ ವಿಬಾಕ್ಸ್ ಹೆಸರಾದವು. ವಿಬಾಕ್ಸಿನ ಕೆಲವು ಮಾದರಿಗಳು ಚಲನಚಿತ್ರವನ್ನೂ ಅಂಕಿಗಳನ್ನೂ ಒಂದೇ ತೆರೆಯ ಮೇಲೆ ಕೂಡಿಸುತ್ತವೆ. ೨೦೨೦ರಲ್ಲಿ ಬಂದ ಗಾರ್ಮಿನ್ ಕೆಟಲಿಸ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಓಡಿಸುತ್ತಿರುವಾಗಲೇ ಕಿವಿಯಲ್ಲಿ ಬಾಯಿಮಾತಿನ ಸೂಚನೆ ಕೊಡುತ್ತದೆ.

ಇವೆಲ್ಲ ಹೊರಗಿನಿಂದ ಕಂಡ ಲೆಕ್ಕ. ಕಾರಿನ ಹೊಟ್ಟೆಯೊಳಗಿನ ವರ್ತಮಾನ ಬೇಕಾದರೆ ಕಾರನ್ನೇ ಕೇಳಬೇಕು. ಚಾಲಕನ ಕಾಲಿನ ಬಳಿ ಓ.ಬಿ.ಡಿ. ಎಂಬ ಸಂಪರ್ಕದ್ವಾರವಿರುತ್ತದೆ. ಅಮೆರಿಕದಲ್ಲಿ ೧೯೯೬ರ ಮಾದರಿಗಳಿಂದ ಕಡ್ಡಾಯವಾದ ಅದರ ಎರಡನೆಯ ರೂಪ ಬಳಿಕ ಬೇರೆ ದೇಶಗಳಲ್ಲೂ ಹರಡಿತು. ಎಂಜಿನ್ನಿನ ಸುತ್ತುಗಳು, ಆಕ್ಸಿಲರೇಟರಿನ ಸ್ಥಿತಿ, ನೀರಿನ ಬಿಸಿ ಇವನ್ನು ಅದು ತಿಳಿಸುತ್ತದೆ. ಆದರೆ ಇದು ಪ್ರಶ್ನೋತ್ತರದ ರೀತಿ. ಒಂದು ಕೇಳಿದರೆ ಒಂದು ಉತ್ತರ. ಹಲವನ್ನು ಒಟ್ಟಿಗೆ ಕೇಳಿದಷ್ಟೂ ಪ್ರತಿಯೊಂದರ ಸರದಿ ತಡವಾಗುತ್ತದೆ. ಬ್ರೇಕಿನ ಒತ್ತಡವಂತೂ ಸಾಮಾನ್ಯ ಪ್ರಶ್ನೆಪಟ್ಟಿಯಲ್ಲೇ ಇಲ್ಲ. ಬಾಷ್ ಕಂಪನಿ ೧೯೮೬ರಲ್ಲಿ ಪ್ರಕಟಿಸಿದ ಕ್ಯಾನ್ ಎಂಬ ತಂತಿಜಾಲದ ಮೂಲಕ ಕಾರಿನ ಅಂಗಗಳು ತಮ್ಮೊಳಗೆ ಆಡಿಕೊಳ್ಳುವ ಮಾತನ್ನು ನೇರವಾಗಿ ಆಲಿಸುವ ಯಂತ್ರಗಳು ಹೆಚ್ಚು ಚುರುಕು. ಆದರೆ ನಿಮ್ಮ ಕಾರಿನ ಭಾಷೆ ಆ ಯಂತ್ರಕ್ಕೆ ತಿಳಿದಿರಬೇಕು. ಕೊಳ್ಳುವ ಮುನ್ನ ತಯಾರಕರ ಪಟ್ಟಿಯಲ್ಲಿ ನಿಮ್ಮ ಕಾರಿನ ಹೆಸರಿದೆಯೇ ಎಂದು ನೋಡಿಕೊಳ್ಳಿ.

ಇಷ್ಟೆಲ್ಲ ಬರೆದದ್ದನ್ನು ಓದುವುದು ಹೇಗೆ? ಅಡ್ಡಗೆರೆಯ ಮೇಲೆ ದೂರ, ನಿಲುಗೆರೆಯ ಮೇಲೆ ವೇಗವಿಟ್ಟು ಎರಡು ಸುತ್ತುಗಳ ರೇಖೆಗಳನ್ನು ಒಂದರ ಮೇಲೊಂದು ಬರೆಯುತ್ತಾರೆ. ನೇರ ಹಾದಿಯಲ್ಲಿ ರೇಖೆ ಏರುತ್ತದೆ, ಬ್ರೇಕಿನಲ್ಲಿ ಧುಮುಕುತ್ತದೆ, ತಿರುವು ಕಳೆದ ಮೇಲೆ ಮತ್ತೆ ಏರುತ್ತದೆ. ಪಳಗಿದವನ ರೇಖೆಯಲ್ಲಿ ಶಿಖರ ಚೂಪು. ಹೊಸಬನದರಲ್ಲಿ ಶಿಖರದ ಮೇಲೆ ಒಂದು ಸಣ್ಣ ಚಪ್ಪಟೆ ಬಯಲು. ಆಕ್ಸಿಲರೇಟರಿನಿಂದ ತೆಗೆದ ಕಾಲು ಬ್ರೇಕಿಗೆ ಹೋಗದೆ ನಡುವೆ ಅಳುಕಿ ನಿಂತ ಹೊತ್ತು ಅದು. ಗಂಟೆಗೆ ೧೪೪ ಕಿಲೋಮೀಟರಿನಲ್ಲಿ ಒಂದು ಸೆಕೆಂಡಿನ ಅಳುಕು ಎಂದರೆ ೪೦ ಮೀಟರು ಹಾದಿ. ಚಾಲಕನಿಗೆ ಇದರ ನೆನಪೇ ಇರುವುದಿಲ್ಲ, ಖಿರ್ದಿ ಮರೆಯುವುದಿಲ್ಲ.

ಇನ್ನೊಂದು ನಿದರ್ಶನ. ತಿರುವಿನ ಬಳಿಕ ೫೦೦ ಮೀಟರಿನ ನೇರ ಹಾದಿಯಿದೆ ಎನ್ನಿ. ಸೆಕೆಂಡಿಗೆ ಸರಾಸರಿ ೪೦ ಮೀಟರಿನಂತೆ ಹೋದರೆ ೧೨.೫ ಸೆಕೆಂಡು. ತಿರುವಿನಿಂದ ತುಸು ಹೆಚ್ಚು ವೇಗವಾಗಿ ಹೊರಬಿದ್ದು ಸರಾಸರಿ ೪೧ ಮೀಟರಾದರೆ ಸುಮಾರು ೧೨.೨ ಸೆಕೆಂಡು. ಉಳಿದದ್ದು ಸೆಕೆಂಡಿನ ಹತ್ತರಲ್ಲಿ ಮೂರು ಭಾಗ. ತಿರುವಿಗೆ ಧೈರ್ಯದಿಂದ ನುಗ್ಗಿ, ಒಳಗೆ ತಡವರಿಸಿ, ತಡವಾಗಿ ಹೊರಬಿದ್ದವನು ಕಳೆದುಕೊಳ್ಳುವುದು ಇದನ್ನೇ. ನುಗ್ಗಿದ್ದು ಅವನಿಗೆ ನೆನಪಿರುತ್ತದೆ, ತಡವರಿಸಿದ್ದು ಇರುವುದಿಲ್ಲ. ಆದ್ದರಿಂದ ಟೈರು ಸರಿಯಿಲ್ಲವೆನ್ನುತ್ತಾನೆ. ಕುಣಿಯಲಾರದವಳು ನೆಲ ಡೊಂಕೆಂದಳಂತೆ! ಸಂಗೀತ ಕಲಿಯುವ ಹುಡುಗಿ ತನ್ನ ಹಾಡನ್ನು ಧ್ವನಿಮುದ್ರಿಸಿ ಕೇಳಿದಾಗ ಶ್ರುತಿ ಎಲ್ಲಿ ಜಾರಿತೆಂದು ಅವಳಿಗೇ ತಿಳಿಯುವಂತೆ, ಈ ರೇಖೆಗಳ ಮುಂದೆ ಕೂತ ಚಾಲಕನಿಗೆ ಬೇರೆ ಉಪದೇಶ ಬೇಕಾಗುವುದಿಲ್ಲ.

ಆದರೆ ಕೂರಬೇಕು. ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತು ಇದು. ನೂರು ಬಗೆಯ ಅಂಕಿ ಬರೆಯುವ ಯಂತ್ರ ಕೊಂಡು ಒಂದನ್ನೂ ಓದದವನಿಗಿಂತ, ಬರಿಯ ವೇಗದ ರೇಖೆಯೊಂದನ್ನು ಪ್ರತಿ ಸರದಿಯ ನಡುವೆ ಓದುವವನು ಹೆಚ್ಚು ಕಲಿಯುತ್ತಾನೆ. ಆದುದರಿಂದ ಆಯ್ಕೆ ಮಾಡುವಾಗ ಯಂತ್ರ ಏನೇನು ಬರೆಯುತ್ತದೆಂದು ಕೇಳುವುದಕ್ಕೆ ಮೊದಲು, 'ನಾನು ಕೇಳಬೇಕೆಂದಿರುವ ಪ್ರಶ್ನೆ ಯಾವುದು?' ಎಂದು ಕೇಳಿಕೊಳ್ಳಿ. ಎಲ್ಲಿ ಬ್ರೇಕು ಒತ್ತಲಿ, ತಿರುವಿನಲ್ಲಿ ಎಷ್ಟು ವೇಗ ಉಳಿಸಲಿ ಎಂಬಷ್ಟೇ ಪ್ರಶ್ನೆಯಾದರೆ ಜಿ.ಪಿ.ಎಸ್. ಸಾಕು. ಹಾದಿಯಲ್ಲಿ ಸರಿಯಾದ ಜಾಡು ಹಿಡಿದೆನೇ ಎಂಬುದಾದರೆ ಕ್ಯಾಮರಾ ಬೇಕು. ಕೈಕಾಲುಗಳ ಕೆಲಸ ತಿಳಿಯಬೇಕಾದರೆ ಕಾರಿನ ಮಾತು ಬೇಕು. ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಮೇಲೆ ಎರಡನೆಯದಕ್ಕೆ ಹೋಗುವುದು ಕ್ರಮ.

ಆಮೇಲೆ ಸಣ್ಣ ಸಂಗತಿಗಳು. ಸಣ್ಣವೆಂದು ಕಂಡರೂ ಇವೇ ನಿರ್ಣಾಯಕ. ಪಥದಿಂದ ಹೊರಬಂದು ಎಷ್ಟು ನಿಮಿಷದಲ್ಲಿ ರೇಖೆ ಕಣ್ಣಿಗೆ ಬೀಳುತ್ತದೆ? ತೆರೆಯ ಅಕ್ಷರ ಬಿಸಿಲಿನಲ್ಲಿ ಕಾಣುತ್ತದೆಯೆ? ಅದರ ತಂತ್ರಾಂಶ ನಿಮ್ಮ ಕಂಪ್ಯೂಟರಿನಲ್ಲಿ ತೆರೆಯುತ್ತದೆಯೆ? ಲೆಕ್ಕವನ್ನು ಹೊರತೆಗೆದು ಗೆಳೆಯನ ಲೆಕ್ಕದೊಡನೆ ಹೋಲಿಸಬಹುದೆ? ಗ್ರಾಹಕಕ್ಕೆ ಆಕಾಶ ಕಾಣುವ ಜಾಗವಿದೆಯೆ? ಲೋಹದ ಲೇಪವಿರುವ ಗಾಜು ಸಂಕೇತವನ್ನು ತಡೆಯಬಲ್ಲದು. ಯಂತ್ರವನ್ನು ಅಲುಗದಂತೆ ಬಿಗಿದಿರಬೇಕು. ಸಡಿಲವಾದುದು ಕಾರಿನ ಚಲನೆಯ ಜೊತೆಗೆ ತನ್ನ ನಡುಕವನ್ನೂ ಬರೆದಿಡುತ್ತದೆ; ಅಪಘಾತವಾದರಂತೂ ಕಲ್ಲಿನಂತೆ ಹಾರಿ ಬಡಿಯುತ್ತದೆ.

ಇನ್ನುಳಿದದ್ದು ಎಲ್ಲಕ್ಕಿಂತ ಗುರುತರವಾದದ್ದು. ಗಡಿಯಾರಕ್ಕೆ ಒಂದು ಮೋಹಕ ಶಕ್ತಿಯಿದೆ. ಕಣ್ಣೆದುರಿನ ತೆರೆಯಲ್ಲಿ 'ಹಿಂದಿನ ಸುತ್ತಿಗಿಂತ ಕಾಲು ಸೆಕೆಂಡು ಮುಂದು' ಎಂಬ ಅಂಕಿ ಹಸಿರಾಗಿ ಮಿನುಗಿದಾಗ, ಮುಂದಿನ ತಿರುವಿಗೆ ಬ್ರೇಕು ಒತ್ತಬೇಕಾದ ಕಾಲು ತಡೆಯುತ್ತದೆ. ೧೮೦ ಕಿಲೋಮೀಟರು ವೇಗದಲ್ಲಿ ಸೆಕೆಂಡಿನ ಐದನೆಯ ಒಂದು ಭಾಗ ತಡೆದರೆ ಹತ್ತು ಮೀಟರು ಮುಂದೆ ಹೋಗಿರುತ್ತೀರಿ. ವೇಗವನ್ನು ೧೮೦ರಿಂದ ೯೦ಕ್ಕೆ ಇಳಿಸುವಾಗ ಚಲನಶಕ್ತಿಯ ನಾಲ್ಕರಲ್ಲಿ ಮೂರು ಭಾಗ ಹೋಗಬೇಕು. ಅದರಲ್ಲಿ ಬಹುಪಾಲು ಬ್ರೇಕಿನಲ್ಲೇ ಬಿಸಿಯಾಗುತ್ತದೆ. ಊರಿನ ಓಡಾಟಕ್ಕೆ ಮಾಡಿದ ಬ್ರೇಕು ಸುತ್ತುಸುತ್ತಿಗೂ ಇದನ್ನು ತಾಳಲಾರದೆ ಹೋದರೆ ಅದರ ಮುನ್ಸೂಚನೆ ಯಾವ ಹಸಿರು ಅಂಕಿಯಲ್ಲೂ ಇರುವುದಿಲ್ಲ. ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಪಥದಲ್ಲಿ ಸಾರ್ವಜನಿಕರನ್ನು ಬಿಡುವ ವೇಳೆಯಲ್ಲಿ ಸುತ್ತಿನ ಕಾಲ ಅಳೆಯುವುದಕ್ಕೇ ನಿಷೇಧವಿದೆ. ಇಂಗ್ಲೆಂಡಿನ ಅನೇಕ ಟ್ರ್ಯಾಕ್ ಡೇಗಳಲ್ಲೂ ಹೀಗೆಯೆ. ಕಾಲವನ್ನು ಅಳೆದರೆ ಅದು ಪಂದ್ಯವಾಗುತ್ತದೆ, ಪಂದ್ಯವಾದರೆ ವಿಮೆಯ ಶರತ್ತು ಬದಲಾಗುತ್ತದೆ ಎಂಬುದು ಒಂದು ಕಾರಣ. ಕಾಲದ ಹಿಂದೆ ಬಿದ್ದವನ ಕಣ್ಣು ಕನ್ನಡಿಯಿಂದ ಸರಿಯುತ್ತದೆಂಬುದು, ನನ್ನ ಮಟ್ಟಿಗೆ, ಅದಕ್ಕಿಂತ ದೊಡ್ಡ ಕಾರಣ. ಹೋಗುವ ಮುನ್ನ ವ್ಯವಸ್ಥಾಪಕರನ್ನು ಕೇಳಿ.

ಹಾಗಾಗಿ ಓಡಿಸುವಾಗ ತೆರೆಯನ್ನು ಮುಚ್ಚಿಟ್ಟೂ ಲೆಕ್ಕ ಬರೆಯಬಲ್ಲ ಯಂತ್ರವನ್ನೇ ಆರಿಸಿ ಎಂಬುದು ನನ್ನ ಸಲಹೆ. ಮೊದಲ ಕೆಲವು ದಿನ ಅದನ್ನು ಮುಚ್ಚಿಯೇ ಇಡಿ. ಹಣ ಮಿತವಾಗಿದ್ದರೆ ಮೊದಲ ಪಾಲು ಬ್ರೇಕಿನ ಎಣ್ಣೆಗೂ ಪ್ಯಾಡುಗಳಿಗೂ ಒಳ್ಳೆಯ ಟೈರಿಗೂ ಹೋಗಲಿ, ಎರಡನೆಯದು ಪಕ್ಕದಲ್ಲಿ ಕೂತು ಕಲಿಸುವ ಗುರುವಿಗೆ, ಮೂರನೆಯದು ಯಂತ್ರಕ್ಕೆ. ಈ ಯಂತ್ರವನ್ನು ಊರ ರಸ್ತೆಯಲ್ಲಿ ಪರೀಕ್ಷಿಸುವ ಆಸೆ ಹುಟ್ಟಿದರೆ ಕಾರಿನಿಂದ ಬಿಚ್ಚಿ ಮನೆಯಲ್ಲಿಡಿ. ಆ ರಸ್ತೆಯಲ್ಲಿ ನಡೆಯುವ ಮಕ್ಕಳಿಗೆ ನಿಮ್ಮ ಸುತ್ತಿನ ಕಾಲದಿಂದ ಆಗಬೇಕಾದದ್ದೇನೂ ಇಲ್ಲ.

ಶಾನುಭೋಗನು ಬೆಳೆ ಬೆಳೆಯುವವನಲ್ಲ. ಬೆಳೆಯುವವನು ರೈತನೇ. ಖಿರ್ದಿ ಚೊಕ್ಕವಾಗಿದ್ದರೆ ಮುಂದಿನ ಮಳೆಗಾಲಕ್ಕೆ ಯಾವ ಹೊಲಕ್ಕೆ ಗೊಬ್ಬರ ಹಾಕಬೇಕೆಂದು ಅವನಿಗೆ ತಿಳಿಯುತ್ತದೆ, ಅಷ್ಟೆ. ನಿಮಗೆ ಅರ್ಥವಾಗುವ ಲಿಪಿಯಲ್ಲಿ, ನಿಮಗೆ ಬೇಕಾದಷ್ಟನ್ನೇ, ಸುಳ್ಳಿಲ್ಲದೆ ಬರೆಯುವವನನ್ನು ಆರಿಸಿಕೊಳ್ಳಿ. ಬರೆದದ್ದನ್ನು ಪಥದ ಬದಿಯ ನೆರಳಿನಲ್ಲಿ, ಕಾರು ತಣಿಯುವಷ್ಟು ಹೊತ್ತು, ಕೂತು ಓದಿ.