ಹದಿನಾಲ್ಕು ದಿನದ ಅಂಗಳ
ಅಮೆರಿಕದಲ್ಲಿ ಗಾಡಿಯನ್ನೇ ಮನೆ ಮಾಡಿಕೊಂಡವರು ತಂಗಲು ಜಾಗ ಹುಡುಕುವ ಬಗೆ

ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಕ್ವಾರ್ಟ್ಜ್‌ಸೈಟ್ ಅಂತ ಒಂದು ಸಣ್ಣ ಊರು ಉಂಟು. 2020ರ ಜನಗಣತಿಯ ಪ್ರಕಾರ ಅಲ್ಲಿಯ ಜನಸಂಖ್ಯೆ ಎರಡೂವರೆ ಸಾವಿರವೂ ಇಲ್ಲ. ಜುಲೈ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ಕಾರಣ ಬೀದಿಯಲ್ಲಿ ಜನ ಕಾಣುವುದೇ ಅಪರೂಪ. ಅದೇ ಜನವರಿಯಲ್ಲಿ ನೋಡಿದರೆ ಊರಿನ ಸುತ್ತಲಿನ ಮರುಭೂಮಿಯಲ್ಲಿ ಕಣ್ಣು ಹಾಯಿಸಿದಷ್ಟು ದೂರ ಬಿಳಿ ಗಾಡಿಗಳು. ಬಸ್ಸಿನಷ್ಟು ದೊಡ್ಡ ಮೋಟಾರ್ ಹೋಮ್‌ಗಳು, ಕಾರಿನ ಹಿಂದೆ ಎಳೆದು ತಂದ ಟ್ರೇಲರ್‌ಗಳು, ಹಳೆಯ ಡೆಲಿವರಿ ವ್ಯಾನುಗಳು. ಒಳಗೆ ಮಂಚ, ಒಲೆ, ಸಿಂಕು, ಪಾಯಿಖಾನೆ ಎಲ್ಲ ಇರುತ್ತದೆ. ಇಂತಹ ಗಾಡಿಗಳನ್ನು ಅಲ್ಲಿ ಆರ್‌ವಿ ಅಂತ ಕರೆಯುತ್ತಾರೆ.

ಗಲ್ಫಿನಲ್ಲಿರುವ ನಮ್ಮವರಿಗೆ ಚಳಿಗಾಲದ ಮರುಭೂಮಿ ಕ್ಯಾಂಪ್ ಹೊಸದಲ್ಲ. ಎರಡು ದಿನ ಟೆಂಟು ಹಾಕಿ, ಮಕ್ಕಳನ್ನು ಮರಳಿನಲ್ಲಿ ಆಡಿಸಿ, ರೂಮಿಗೆ ಬರುವುದು. ಆದರೆ ಕ್ವಾರ್ಟ್ಜ್‌ಸೈಟಿಗೆ ಬಂದ ಅನೇಕರಿಗೆ ಮರಳಿ ಹೋಗಲು ರೂಮೂ ಇಲ್ಲ, ಮನೆಯೂ ಇಲ್ಲ. ವರ್ಷವಿಡೀ ಗಾಡಿಯೇ ಮನೆ. ಆದ್ದರಿಂದ ಅವರಿಗೆ ದಿನಾ ಇರುವ ಪ್ರಶ್ನೆ ಒಂದೇ. ಇವತ್ತು ರಾತ್ರಿ ಎಲ್ಲಿ ನಿಲ್ಲಿಸುವುದು? ದುಡ್ಡು ಕಡಿಮೆ ಆಗಬೇಕು, ಯಾರೂ ಬಾಗಿಲು ಬಡಿದು ಎಬ್ಬಿಸಬಾರದು, ಬೆಳಿಗ್ಗೆ ಬಾಗಿಲು ತೆರೆದರೆ ಕಣ್ಣಿಗೆ ತಂಪಾಗಬೇಕು. ಈ ಮೂರೂ ಒಟ್ಟಿಗೆ ಸಿಗುವ ಜಾಗ ಇದೆಯಾ ಅಂದರೆ, ಇದೆ.

ಮನೆ ಬಿಟ್ಟದ್ದು ಯಾಕೆ?

ಎಲ್ಲರೂ ಕಷ್ಟದಿಂದ ಬಂದವರಲ್ಲ. ನಿವೃತ್ತಿಯಾದ ಮೇಲೆ ದೇಶ ನೋಡಬೇಕೆಂದು ಇದ್ದ ಮನೆಯನ್ನು ಮಾರಿ ಹೊರಟವರು ಧಾರಾಳ ಇದ್ದಾರೆ. ಆದರೆ 2008ರ ಆರ್ಥಿಕ ಕುಸಿತದ ನಂತರ ಮನೆ, ಕೆಲಸ, ಉಳಿತಾಯ ಕಳೆದುಕೊಂಡು ಗಾಡಿಗೆ ಇಳಿದವರು ಬಹಳ. ನೆವಾಡಾದ ಎಂಪೈರ್ ಎಂಬ ಊರು ಒಂದು ಜಿಪ್ಸಮ್ ಕಾರ್ಖಾನೆಯನ್ನು ನಂಬಿ ನಿಂತಿತ್ತು. 2011ರಲ್ಲಿ ಕಾರ್ಖಾನೆ ಮುಚ್ಚಿತು, ಜನ ಊರು ಬಿಟ್ಟರು, ಕೊನೆಗೆ ಆ ಊರಿನ ಅಂಚೆ ಸಂಖ್ಯೆಯನ್ನೇ ರದ್ದು ಮಾಡಿದರು. ಪತ್ರಕರ್ತೆ ಜೆಸ್ಸಿಕಾ ಬ್ರೂಡರ್ 2017ರಲ್ಲಿ ಇಂಥ ಅಲೆಮಾರಿಗಳ ಬಗ್ಗೆ 'ನೋಮ್ಯಾಡ್‌ಲ್ಯಾಂಡ್' ಎಂಬ ಪುಸ್ತಕ ಬರೆದರು. ಅದನ್ನು ಆಧರಿಸಿದ ಸಿನಿಮಾಕ್ಕೆ 2021ರಲ್ಲಿ ಆಸ್ಕರ್ ಬಂತು. ಅದರಲ್ಲಿ ನಿಜವಾಗಿ ಗಾಡಿಯಲ್ಲೇ ಬದುಕುವ ಕೆಲವರು ತಮ್ಮ ಪಾತ್ರ ತಾವೇ ಮಾಡಿದ್ದಾರೆ.

ಲೆಕ್ಕ ಸರಳ. ಅಲ್ಲಿ ನಿವೃತ್ತರಿಗೆ ಸರಕಾರ ಕೊಡುವ ಪಿಂಚಣಿ ಸರಾಸರಿ ತಿಂಗಳಿಗೆ ಸುಮಾರು 2,000 ಡಾಲರ್. ಅನೇಕ ನಗರಗಳಲ್ಲಿ ಒಂದು ಬೆಡ್‌ರೂಮಿನ ಬಾಡಿಗೆಯೇ 1,500 ಡಾಲರ್ ದಾಟುತ್ತದೆ. ಉಳಿದ ದುಡ್ಡಿನಲ್ಲಿ ಊಟ, ಮದ್ದು, ಕರೆಂಟು ಎಲ್ಲ ಆಗಬೇಕು. ಬಾಡಿಗೆ ಎಂಬ ಒಂದು ಖರ್ಚು ಹೋದರೆ ಬದುಕು ನಡೆಯುತ್ತದೆ.

ಆದರೆ ಗಾಡಿಗೂ ಬಾಡಿಗೆ ಉಂಟು. ಖಾಸಗಿ ಆರ್‌ವಿ ಪಾರ್ಕುಗಳಲ್ಲಿ ನೀರು, ಕರೆಂಟು, ಒಳಚರಂಡಿ ಪೈಪು ಎಲ್ಲ ಸಿಗುತ್ತದೆ; ಒಂದು ರಾತ್ರಿಗೆ 40-50 ಡಾಲರ್, ಹೆಸರುವಾಸಿ ಜಾಗಗಳಲ್ಲಿ ಇನ್ನೂ ಜಾಸ್ತಿ. 30 ರಾತ್ರಿಗೆ ಗುಣಿಸಿ ನೋಡಿ, ಮತ್ತೆ ಅದೇ ಮನೆ ಬಾಡಿಗೆಯ ಲೆಕ್ಕಕ್ಕೆ ಬಂದು ನಿಲ್ಲುತ್ತದೆ. ಸಾಲದ್ದಕ್ಕೆ ಪಕ್ಕದ ಗಾಡಿಯವರು ಕೆಮ್ಮಿದರೂ ಕೇಳುವಷ್ಟು ಹತ್ತಿರ ಹತ್ತಿರ ನಿಲ್ಲಿಸಿರುತ್ತಾರೆ.

ಸರಕಾರದ ಜಮೀನು

ದಾರಿ ತೆರೆದದ್ದು ಅಲ್ಲಿನ ಸಾರ್ವಜನಿಕ ಭೂಮಿ. ಈ ನೆಲ ಒಂದು ಕಾಲದಲ್ಲಿ ಮೂಲನಿವಾಸಿಗಳದ್ದಾಗಿತ್ತು, ಅವರಿಂದ ಕಸಿದುಕೊಂಡದ್ದು. 1862ರ ಹೋಮ್‌ಸ್ಟೆಡ್ ಕಾಯ್ದೆಯಡಿ ಸರಕಾರ ಅದನ್ನು ರೈತರಿಗೆ 160 ಎಕರೆಯಂತೆ ಹಂಚುತ್ತಾ ಬಂತು. ಪಶ್ಚಿಮದ ಒಣಭೂಮಿ, ಬೋಳುಗುಡ್ಡ ಯಾರಿಗೂ ಬೇಡವಾಗಿ ಉಳಿಯಿತು. 1976ರಲ್ಲಿ ಬಂದ ಕಾಯ್ದೆಯು ಉಳಿದ ಭೂಮಿಯನ್ನು ಸಾಮಾನ್ಯವಾಗಿ ಹಂಚದೆ ಸಾರ್ವಜನಿಕರ ಹೆಸರಿನಲ್ಲೇ ಇಟ್ಟುಕೊಳ್ಳಬೇಕು ಎಂದಿತು. ಹೀಗೆ ಇಂದು ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಎಂಬ ಇಲಾಖೆಯ ಕೈಯಲ್ಲಿ ಸುಮಾರು 24.5 ಕೋಟಿ ಎಕರೆ, ಅರಣ್ಯ ಇಲಾಖೆಯ ಕೈಯಲ್ಲಿ ಸುಮಾರು 19.3 ಕೋಟಿ ಎಕರೆ ಇದೆ. ಮೊದಲನೆಯದೊಂದೇ ನಮ್ಮ ಕರ್ನಾಟಕದ ಐದು ಪಟ್ಟು.

ಈ ಜಮೀನಿನ ಹೆಚ್ಚಿನ ಭಾಗದಲ್ಲಿ ಯಾರು ಬೇಕಾದರೂ ಪುಕ್ಕಟೆ ತಂಗಬಹುದು. ನಳ್ಳಿ ಇಲ್ಲ, ಕರೆಂಟು ಇಲ್ಲ, ಕಾವಲುಗಾರನೂ ಇಲ್ಲ. ನಿಯಮ ಮಾತ್ರ ಉಂಟು. ಸಾಮಾನ್ಯವಾಗಿ 28 ದಿನಗಳ ಅವಧಿಯಲ್ಲಿ ಒಂದು ಜಾಗದಲ್ಲಿ 14 ದಿನ ಮಾತ್ರ. ಆಮೇಲೆ ಅಲ್ಲಿಂದ ಏಳಬೇಕು. ಹಲವು ಕಡೆ ಕನಿಷ್ಠ 25 ಮೈಲಿ, ಅಂದರೆ 40 ಕಿಲೋಮೀಟರ್ ಆಚೆ ಹೋಗಬೇಕು. ಗಾಡಿಯಲ್ಲಿ ಬದುಕುವವರ ಕ್ಯಾಲೆಂಡರ್ ತಿಂಗಳಲ್ಲಿ ಅಲ್ಲ, ಈ 14 ದಿನಗಳಲ್ಲಿ ಓಡುತ್ತದೆ.

ಚೆಲುವಿಗೆ ಕೊರತೆಯಿಲ್ಲ. ಗ್ರ್ಯಾಂಡ್ ಕ್ಯಾನಿಯನ್ ರಾಷ್ಟ್ರೀಯ ಉದ್ಯಾನದ ಹೋಟೆಲುಗಳಲ್ಲಿ ನೂರಾರು ಡಾಲರ್ ಕೊಡಬೇಕು. ಅದರ ಗೇಟಿನ ಹೊರಗಿನ ಕೈಬಾಬ್ ಅರಣ್ಯದಲ್ಲಿ ಪೈನ್ ಮರಗಳ ಕೆಳಗೆ ಉಚಿತವಾಗಿ ನಿಲ್ಲಬಹುದು. ಸೌತ್ ಡಕೋಟಾದ ಬ್ಯಾಡ್‌ಲ್ಯಾಂಡ್ಸ್‌ನಲ್ಲಿ ಕೊರೆದ ಮಣ್ಣಿನ ಕಣಿವೆಗಳ ಅಂಚಿನವರೆಗೆ ಹುಲ್ಲುಗಾವಲು ಇದೆ. ಅಲ್ಲಿ ಗಾಡಿ ನಿಲ್ಲಿಸಿದರೆ ಬಾಗಿಲಿನ ಎದುರೇ ಇಡೀ ಕಣಿವೆ.

ಹಾಜಿ ಅಲಿಯ ಹೆಸರಿನ ತಾಣ

ಕ್ವಾರ್ಟ್ಜ್‌ಸೈಟಿನ ಬಗ್ಗೆ ನಮ್ಮ ಓದುಗರಿಗೆ ಇನ್ನೊಂದು ಸಂಗತಿ ಹೇಳಬೇಕು. ಆ ಊರಿನ ಅತಿ ಪ್ರಸಿದ್ಧ ಸ್ಮಾರಕ ಒಬ್ಬ ಒಂಟೆ ನಡೆಸುವವನ ಕಬರ್. ಅವನ ಹೆಸರು ಹಾಜಿ ಅಲಿ. ಉಸ್ಮಾನಿಯಾ ಸಾಮ್ರಾಜ್ಯದ ಸಿರಿಯಾ ಕಡೆಯವನು. ಅಮೆರಿಕದ ಸೇನೆ ಮರುಭೂಮಿಯಲ್ಲಿ ಸಾಮಾನು ಸಾಗಿಸಲು ಒಂಟೆಗಳನ್ನು ತರಿಸಿದಾಗ 1856ರಲ್ಲಿ ಅವುಗಳ ಜೊತೆ ಟೆಕ್ಸಾಸಿಗೆ ಬಂದಿಳಿದ. ಅಲ್ಲಿಯವರ ನಾಲಿಗೆಗೆ ಹಾಜಿ ಅಲಿ ಎಂಬುದು ಹೊರಳಲಿಲ್ಲ, 'ಹಾಯ್ ಜಾಲಿ' ಅಂತ ಮಾಡಿಬಿಟ್ಟರು! ಅಂತರ್ಯುದ್ಧ ಬಂದು ಒಂಟೆ ಯೋಜನೆ ನಿಂತುಹೋಯಿತು. ಅವನು ಮಾತ್ರ ಅದೇ ಮರುಭೂಮಿಯಲ್ಲಿ ಸಾಮಾನು ಸಾಗಿಸುತ್ತಾ, ಗಣಿ ಹುಡುಕುತ್ತಾ ತಿರುಗಿದ. 1902ರಲ್ಲಿ ಅಲ್ಲೇ ತೀರಿಕೊಂಡ. 1930ರ ದಶಕದಲ್ಲಿ ರಾಜ್ಯದ ಹೆದ್ದಾರಿ ಇಲಾಖೆ ಅವನ ಕಬರಿನ ಮೇಲೆ ಕಲ್ಲಿನ ಪಿರಮಿಡ್ ಕಟ್ಟಿ, ತುದಿಯಲ್ಲಿ ಲೋಹದ ಒಂಟೆ ನಿಲ್ಲಿಸಿತು. ಊರ ಹೊರಗೆ 14 ದಿನ ಉಚಿತವಾಗಿ ನಿಲ್ಲಬಹುದಾದ ಒಂದು ತಾಣಕ್ಕೂ 'ಹಾಯ್ ಜಾಲಿ' ಎಂದೇ ಹೆಸರು. ಒಬ್ಬ ಮುಸಾಫಿರನ ಹೆಸರಿನಲ್ಲಿ ಮುಸಾಫಿರರಿಗೆ ಜಾಗ.

ಜಾಗ ಹುಡುಕುವ ವಿದ್ಯೆ

ಉಚಿತ ಅಂದ ಮಾತ್ರಕ್ಕೆ ಸುಲಭ ಅಂತಲ್ಲ. ಅನುಭವಸ್ಥರು ಪಾಲಿಸುವ ಕೆಲವು ಕ್ರಮಗಳಿವೆ.

ಒಂದು, ನಕ್ಷೆ. ಯಾವ ತುಂಡು ಸರಕಾರದ್ದು, ಯಾವುದು ಖಾಸಗಿ, ಯಾವುದು ಮೂಲನಿವಾಸಿಗಳ ಮೀಸಲು ಪ್ರದೇಶ ಎಂದು ಮೊದಲೇ ತಿಳಿದಿರಬೇಕು. ಅರಣ್ಯ ಇಲಾಖೆ ಯಾವ ರಸ್ತೆಯಲ್ಲಿ ಗಾಡಿ ಹೋಗಬಹುದು ಎಂಬ ನಕ್ಷೆಯನ್ನು ಉಚಿತವಾಗಿ ಕೊಡುತ್ತದೆ. ಮೊಬೈಲ್ ಆ್ಯಪ್‌ಗಳೂ ಇವೆ. ಆದರೂ ಸ್ಥಳೀಯ ರೇಂಜರ್ ಕಚೇರಿಗೆ ಒಂದು ಫೋನ್ ಮಾಡುವುದೇ ಭದ್ರ. ಬೆಂಕಿಯ ಅಪಾಯ ಇದ್ದರೆ ಕಾಡು ಮುಚ್ಚಿರುತ್ತಾರೆ.

ಎರಡು, ಹಗಲಲ್ಲೇ ತಲುಪುವುದು. ಮಣ್ಣು ರಸ್ತೆಯಲ್ಲಿ ದೊಡ್ಡ ಗಾಡಿ ಒಳಗೆ ಹೋದ ಮೇಲೆ ತಿರುಗಿಸಲು ಜಾಗ ಇಲ್ಲದಿದ್ದರೆ ಫಜೀತಿ. ಇಳಿದು ನಡೆದು ನೋಡಿ ಆಮೇಲೆ ಒಳಗೆ ಹೋಗಬೇಕು. ಒಣಗಿದ ಹಳ್ಳದಲ್ಲಿ ನೆಲ ಸಮತಟ್ಟಾಗಿ, ನಿಲ್ಲಿಸಲು ಆಸೆಯಾಗುವಂತೆ ಇರುತ್ತದೆ. ದೂರದ ಗುಡ್ಡದಲ್ಲಿ ಮಳೆಯಾದರೆ ಇಲ್ಲಿ ಒಂದು ಹನಿ ಬೀಳದಿದ್ದರೂ ನೀರು ನುಗ್ಗಿ ಬರುತ್ತದೆ. ಹಳ್ಳದಲ್ಲಿ ನಿಲ್ಲಿಸಲೇಬಾರದು.

ಮೂರು, ನೀರು. ಒಬ್ಬರಿಗೆ ಸ್ನಾನ, ಅಡುಗೆ, ಪಾತ್ರೆ ಎಲ್ಲ ಸೇರಿ ದಿನಕ್ಕೆ 15 ಲೀಟರ್ ಅಂತ ಹಿಡಿದರೂ 14 ದಿನಕ್ಕೆ 210 ಲೀಟರ್ ಆಯಿತು. ಅಷ್ಟನ್ನೂ ಹೊತ್ತು ತರಬೇಕು. ಬಳಸಿದ ಕೊಳಕು ನೀರನ್ನು, ಪಾಯಿಖಾನೆಯ ಟ್ಯಾಂಕನ್ನು ಅದಕ್ಕೆಂದೇ ಇರುವ ಡಂಪ್ ಸ್ಟೇಷನ್ನಿಗೆ ಒಯ್ದು ಖಾಲಿ ಮಾಡಬೇಕು. ಕರೆಂಟಿಗೆ ಚಾವಣಿಯ ಮೇಲೆ ಸೋಲಾರ್ ಫಲಕ.

ನಾಲ್ಕು, ಎತ್ತರ. ಸಾವಿರ ಮೀಟರ್ ಮೇಲೆ ಹೋದರೆ ಸುಮಾರು ಆರೂವರೆ ಡಿಗ್ರಿ ತಂಪು ಸಿಗುತ್ತದೆ. ಕ್ವಾರ್ಟ್ಜ್‌ಸೈಟ್ ಸಮುದ್ರಮಟ್ಟದಿಂದ 270 ಮೀಟರ್ ಎತ್ತರದಲ್ಲಿದೆ. ಅದೇ ರಾಜ್ಯದ ಫ್ಲ್ಯಾಗ್‌ಸ್ಟಾಫ್ 2,100 ಮೀಟರ್. ಚಳಿಗಾಲ ಕೆಳಗೆ, ಬೇಸಿಗೆ ಮೇಲೆ. ಎ.ಸಿ. ಖರ್ಚೂ ಇಲ್ಲ, ಹೀಟರ್ ಖರ್ಚೂ ಕಡಿಮೆ.

ಸ್ವಲ್ಪ ದುಡ್ಡು ಕೊಡುವ ಸಾಮರ್ಥ್ಯ ಇರುವವರಿಗೆ ಬೇರೆ ದಾರಿಗಳೂ ಉಂಟು. 62 ವರ್ಷ ದಾಟಿದ ನಾಗರಿಕರು ಮತ್ತು ಕಾಯಂ ನಿವಾಸಿಗಳು 80 ಡಾಲರ್ ಕೊಟ್ಟು ಜೀವನಪರ್ಯಂತದ ಸೀನಿಯರ್ ಪಾಸ್ ಪಡೆಯಬಹುದು. ಅದರಿಂದ ರಾಷ್ಟ್ರೀಯ ಉದ್ಯಾನಗಳಿಗೆ ಪ್ರವೇಶ ಉಚಿತ, ಕೇಂದ್ರ ಸರಕಾರದ ಬಹಳಷ್ಟು ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಅರ್ಧ ದರ. ಶಾಶ್ವತ ಅಂಗವೈಕಲ್ಯ ಇರುವವರಿಗೆ ಪಾಸ್ ಪೂರ್ತಿ ಉಚಿತ. ಸೇನೆಯ ಎಂಜಿನಿಯರ್ ವಿಭಾಗ ಕಟ್ಟಿದ ಅಣೆಕಟ್ಟುಗಳ ಬದಿಯಲ್ಲಿ ನೀರಿಗೆ ತಾಗಿಯೇ ಕ್ಯಾಂಪ್‌ಗ್ರೌಂಡ್‌ಗಳಿವೆ, ಅಲ್ಲೂ ಈ ಪಾಸ್ ನಡೆಯುತ್ತದೆ. ಕ್ಯಾಂಪ್‌ಗ್ರೌಂಡಿನ ಉಸ್ತುವಾರಿ ವಹಿಸಿ, ಬಂದವರಿಗೆ ಜಾಗ ತೋರಿಸಿ, ಶೌಚಾಲಯ ಶುಚಿ ಮಾಡಿದರೆ ನೀರು-ಕರೆಂಟು ಸಹಿತ ಜಾಗ ಉಚಿತವಾಗಿ ಸಿಗುತ್ತದೆ. ಪ್ರತಿ 14 ದಿನಕ್ಕೆ ಏಳುವುದು ಕಷ್ಟ ಎನ್ನುವ ವೃದ್ಧರಿಗಾಗಿ ಕ್ವಾರ್ಟ್ಜ್‌ಸೈಟಿನ ಲಾ ಪೋಸಾದಂಥ ದೀರ್ಘಾವಧಿ ತಾಣಗಳಿವೆ. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಏಳು ತಿಂಗಳಿಗೆ ಬಹುಕಾಲ ಇದ್ದ ದರ 180 ಡಾಲರ್, ದಿನಕ್ಕೆ ಒಂದು ಡಾಲರಿಗೂ ಕಡಿಮೆ.

ಅಂಗಳ ಚಿಕ್ಕದಾಗುತ್ತಿದೆ

ಇಷ್ಟೆಲ್ಲ ಓದಿದ ಮೇಲೆ ಇದು ಸ್ವರ್ಗದ ಬದುಕು ಅಂತ ಯಾರಿಗಾದರೂ ಅನ್ನಿಸಬಹುದು. ಹಾಗಿಲ್ಲ. ಕಾನೂನಿನಲ್ಲಿ ಒಂದು ತೊಡಕು ಉಂಟು. ಕಾಡಿನಲ್ಲಿ ತಂಗಲು ಅನುಮತಿ ಇರುವುದು ವಿಹಾರಕ್ಕೆ, ವಾಸಕ್ಕಲ್ಲ. ಅರಣ್ಯ ಇಲಾಖೆಯ ನಿಯಮದಲ್ಲಿ ಅನುಮತಿ ಇಲ್ಲದೆ ವಾಸ ಮಾಡುವುದು ಅಪರಾಧ. ಅದೇ ಮರದ ಕೆಳಗೆ, ಅದೇ ಗಾಡಿಯಲ್ಲಿ, ಊರಲ್ಲಿ ಮನೆ ಇರುವವನು ಮಲಗಿದರೆ ಪ್ರವಾಸಿ; ಮನೆ ಇಲ್ಲದ ಮುದುಕಿ ಮಲಗಿದರೆ ಅವಳ ಮೇಲೆ ಸಂಶಯ.

2024ರ ಜೂನಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಒರೆಗಾನ್ ರಾಜ್ಯದ ಗ್ರಾಂಟ್ಸ್ ಪಾಸ್ ಎಂಬ ಊರಿನ ಪ್ರಕರಣದಲ್ಲಿ, ಸಾರ್ವಜನಿಕ ಜಾಗದಲ್ಲಿ ಬೀಡುಬಿಡುವವರಿಗೆ ನಗರಾಡಳಿತಗಳು ದಂಡ ಹಾಕಬಹುದು ಎಂದು ತೀರ್ಪು ಕೊಟ್ಟಿತು. ಪಟ್ಟಣದಿಂದ ಏಳಿಸಿದವರು ಕಾಡಿಗೆ ಹೋಗುತ್ತಾರೆ. 2025ರ ಮೇ 1ರಂದು ಅದೇ ರಾಜ್ಯದ ಬೆಂಡ್ ಎಂಬ ಊರಿನ ಬಳಿ ಕಾಡ್ಗಿಚ್ಚು ತಡೆಯುವ ಕೆಲಸಕ್ಕಾಗಿ ಅರಣ್ಯದ ಒಂದು ದೊಡ್ಡ ಭಾಗವನ್ನು ಮುಚ್ಚಿದರು. ಅಲ್ಲಿ ಗಾಡಿ, ಟ್ರೇಲರ್‌ಗಳಲ್ಲಿ ಇದ್ದವರೆಲ್ಲ ಜಾಗ ಬಿಡಬೇಕಾಯಿತು. ಬೆಂಕಿ ತಡೆಯಬೇಕಾದದ್ದೂ ನಿಜ, ಹೋಗಲು ಬೇರೆ ಜಾಗ ಇಲ್ಲದ್ದೂ ನಿಜ.

ಇನ್ನೊಂದು ಕಾರಣ ಜನರೇ. ಕ್ಯಾಲಿಫೋರ್ನಿಯಾದಲ್ಲಿ 4,421 ಮೀಟರ್ ಎತ್ತರದ ವಿಟ್ನಿ ಪರ್ವತದ ಬುಡದಲ್ಲಿ ಅಲಬಾಮಾ ಹಿಲ್ಸ್ ಎಂಬ ಬಂಡೆಗಳ ನಾಡು ಉಂಟು. ಫೋಟೋ ನೋಡಿ ಜನ ಮುಗಿಬಿದ್ದರು. ಗಿಡಗಳ ಮೇಲೆ ಚಕ್ರ ಹತ್ತಿತು, ಕಾಗದ, ಕಸ, ಮಲ ಎಲ್ಲೆಂದರಲ್ಲಿ ಬಿತ್ತು. ಈಗ ಅಲ್ಲಿ ಪರವಾನಗಿ ಬೇಕು, ಗುರುತು ಹಾಕಿದ ಜಾಗದಲ್ಲೇ ನಿಲ್ಲಬೇಕು. ಕೆಲವು ಜನಪ್ರಿಯ ಕಾಡುಗಳಲ್ಲಿ 14 ದಿನ ಇದ್ದದ್ದು ಬೇಸಿಗೆಯಲ್ಲಿ ಐದು ದಿನಕ್ಕೆ ಇಳಿದಿದೆ. ವಿಹಾರಕ್ಕೆ ಬಂದವರು ಕಸ ಬಿಟ್ಟು ತಮ್ಮ ಮನೆಗೆ ಹೋದರು. ನಷ್ಟ ಆದದ್ದು ಹೋಗಲು ಮನೆ ಇಲ್ಲದವರಿಗೆ.

ಅದಕ್ಕೇ ಪೂರ್ಣಾವಧಿ ಅಲೆಮಾರಿಗಳು ಹೊಸಬರಿಗೆ ಮೊದಲು ಕಲಿಸುವುದು ಶುಚಿತ್ವ. ಗಾಡಿ ಬದುಕಿನ ಹಿರಿಯ ಬಾಬ್ ವೆಲ್ಸ್ ಶುರು ಮಾಡಿದ ಚಳಿಗಾಲದ ಕೂಟದಲ್ಲಿ ಅಗ್ಗವಾಗಿ ಬದುಕುವ ಉಪಾಯಗಳ ಜೊತೆ ಇದನ್ನೂ ಹೇಳಿಕೊಡುತ್ತಾರೆ. ಹಳೆಯ ಗುರುತು ಇರುವ ಜಾಗದಲ್ಲೇ ನಿಲ್ಲಿಸುವುದು, ನೀರಿನಿಂದ 200 ಅಡಿ ದೂರ ಇರುವುದು, ಬೆಂಕಿಯ ಬೂದಿ ಮುಟ್ಟಿದರೆ ತಣ್ಣಗಿರಬೇಕು, ಬೇರೆಯವರು ಬಿಟ್ಟ ಕಸವನ್ನೂ ಒಂದು ಚೀಲ ಹೆಕ್ಕಿಕೊಂಡು ಹೋಗುವುದು. ಒಂಟಿಯಾಗಿರುವ ವೃದ್ಧರು ಒಬ್ಬರ ಕಣ್ಣಳತೆಯಲ್ಲಿ ಇನ್ನೊಬ್ಬರು ನಿಲ್ಲಿಸುತ್ತಾರೆ. ಬೆಳಿಗ್ಗೆ ಬಾಗಿಲು ತೆರೆಯದಿದ್ದರೆ ಹೋಗಿ ಬಡಿಯಲು ಒಬ್ಬರಾದರೂ ಬೇಕಲ್ಲ!

ಅಮೆರಿಕದಲ್ಲಿ ಮಕ್ಕಳು, ಸಂಬಂಧಿಕರು ಇರುವ ಮನೆಯವರು ಮುಂದಿನ ಸಲ ಹೋದಾಗ ಎರಡು ರಾತ್ರಿಗೆ ಆರ್‌ವಿ ಬಾಡಿಗೆಗೆ ಪಡೆದು ಇಂಥ ಜಾಗದಲ್ಲಿ ಇದ್ದು ನೋಡಬಹುದು. ಅಲ್ಲಿ ಕಾಯಂ ನಿವಾಸಿಯಾಗಿ 62 ದಾಟಿದ ಹಿರಿಯರಿದ್ದರೆ ಅವರ ಸೀನಿಯರ್ ಪಾಸ್ ಮಾಡಿಸಲು ಮರೆಯಬೇಡಿ. ಹೊರಡುವ ಮೊದಲು ರೇಂಜರ್ ಕಚೇರಿಗೆ ಫೋನ್ ಮಾಡಿ, ನೀರು ತುಂಬಿಸಿ, ಕಸದ ಚೀಲ ಎರಡು ಜಾಸ್ತಿ ಇಟ್ಟುಕೊಳ್ಳಿ. ನೀವು ಎದ್ದು ಬಂದ ಜಾಗಕ್ಕೆ ಆ ಸಂಜೆಯೇ ಬೇರೊಬ್ಬರು ಬಂದು ನಿಲ್ಲಿಸಬಹುದು, ಅವರಿಗೆ ಅದೇ ಮನೆಯೂ ಆಗಿರಬಹುದು.