‘ಫಿಲ್ಟರ್ ನೀರು’ ಅಂದ್ರೆ ಯಾವುದು? ಮಂತ್ರಾಲಯದ ಸುತ್ತಿನ ಹಳ್ಳಿಗಳ ಕುಡಿಯುವ ನೀರಿನ ಕುರಿತು

ದನಿ ಕೇಳ್ತಿದೆ ಅಂದ್ಕೊಂಡು ಶುರು ಮಾಡ್ತೀನಿ. ನಾನು ಕನ್ನಡ ಎಂ.ಎ. ವಿದ್ಯಾರ್ಥಿ, ಎಂಜಿನಿಯರ್ ಅಲ್ಲ. ಗಡಿಭಾಗದ ಕನ್ನಡದಲ್ಲಿ ನೀರಿಗಿರುವ ಪದಗಳನ್ನು ಬರೆದುಕೊಳ್ಳೋಣ ಅಂತ ಅಜ್ಜಿಯ ಊರಿಗೆ ಹೋಗಿದ್ದೆ. ಮಂತ್ರಾಲಯದಿಂದ ಆದೋನಿ ಕಡೆಗಿರುವ ಸಣ್ಣ ಹಳ್ಳಿ ಅದು. “ಊರಾಗ ಫಿಲ್ಟರ್ ಐತೇನು?” ಅಂತ ಕೇಳಿದರೆ, “ಇಲ್ಲ, ಫಿಲ್ಟರ್ ನೀರು ಪಕ್ಕದೂರಿಂದ ಆಟೋದಾಗ ಬರ್ತದ” ಅಂದರು. ಹಾಗಂದ ಮನೆಯಿಂದ ಇನ್ನೂರು ಹೆಜ್ಜೆ ದೂರದಲ್ಲೇ ಎರಡು ಮರಳು ಫಿಲ್ಟರ್ ತೊಟ್ಟಿಗಳಿದ್ದವು. ಊರಿನ ನಲ್ಲಿಗಳಿಗೆಲ್ಲ ನೀರು ಹೋಗುವುದು ಅಲ್ಲಿಂದಲೇ.

ಜನರ ಬಾಯಲ್ಲಿ ‘ಫಿಲ್ಟರ್ ನೀರು’ ಅಂದ್ರೆ ಆರ್‌ಒ ಯಂತ್ರದ ಇಪ್ಪತ್ತು ಲೀಟರಿನ ಕ್ಯಾನು. ಮರಳು ತೊಟ್ಟಿಗೆ ಹೆಸರೇ ಇಲ್ಲ. ಹೆಸರಿಲ್ಲದ್ದನ್ನು ಯಾರೂ ಕೇಳುವುದಿಲ್ಲ, ಯಾರೂ ದುರಸ್ತಿಗೆ ಒತ್ತಾಯಿಸುವುದೂ ಇಲ್ಲ. ನನ್ನ ಇವತ್ತಿನ ಮಾತು ಇಷ್ಟೇ: ಇಲ್ಲಿ ಸುಧಾರಣೆ ಅಂದ್ರೆ ಹೊಸ ಯಂತ್ರ ತರುವುದಕ್ಕಿಂತ ಮೊದಲು ಈ ತೊಟ್ಟಿಗಳನ್ನು ಸರಿಯಾಗಿ ನಡೆಸುವುದು.

ಸ್ವಲ್ಪ ಹಿನ್ನೆಲೆ. ಬಳ್ಳಾರಿ ಜಿಲ್ಲೆಯಲ್ಲಿದ್ದ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯಕ್ಕೆ ಸೇರಿದವು. ಹಾಗಾಗಿ ಮನೆಯೊಳಗೆ ಕನ್ನಡ, ಬೋರ್ಡಿನ ಮೇಲೆ ತೆಲುಗು, ನೀರು ಪರೀಕ್ಷೆಯ ವರದಿಯಲ್ಲಿ ಇಂಗ್ಲಿಷ್. ತುಂಗಭದ್ರಾ ಪಕ್ಕದಲ್ಲೇ ಹರಿದರೂ ಬೇಸಿಗೆಗೆ ನೀರು ಸಾಲದು. ಅದಕ್ಕೇ ಕಾಲುವೆಯಲ್ಲಿ ನೀರು ಬಿಟ್ಟಾಗ ದೊಡ್ಡ ಕೆರೆಯಂಥ ಟ್ಯಾಂಕುಗಳಲ್ಲಿ ತುಂಬಿಸಿಟ್ಟು, ಸೋಸಿ, ಓವರ್‌ಹೆಡ್ ಟ್ಯಾಂಕಿಗೆ ಏರಿಸುತ್ತಾರೆ.

ಈಗ ತೊಟ್ಟಿಯ ಒಳಗೆ ಏನಾಗುತ್ತೆ ನೋಡೋಣ. ಕೆಳಗೆ ಜಲ್ಲಿ, ಮೇಲೆ ಸುಮಾರು ಒಂದು ಮೀಟರ್ ಸಣ್ಣ ಮರಳು, ಅದರ ಮೇಲೆ ನೀರು. ನೀರು ಗಂಟೆಗೆ 10ರಿಂದ 20 ಸೆಂಟಿಮೀಟರ್ ಮಾತ್ರ ಇಳಿಯಬೇಕು. ಕೆಲವು ದಿನಗಳಲ್ಲಿ ಮರಳಿನ ಮೇಲ್ಮೈಯಲ್ಲಿ ಒಂದು ಲೋಳೆ ಪದರ ಬೆಳೆಯುತ್ತೆ. ನೋಡಿದರೆ ಕೊಳೆ ಅನ್ನಿಸುತ್ತೆ, ಆದರೆ ಹೆಚ್ಚಿನ ಕೆಲಸ ಮಾಡುವುದು ಅದೇ. ಅದರಲ್ಲಿರುವ ಸೂಕ್ಷ್ಮಜೀವಿಗಳು ರೋಗಾಣುಗಳನ್ನು ತಿಂದುಹಾಕುತ್ತವೆ. 1892ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಕಾಲರಾ ಹಬ್ಬಿ ಸಾವಿರಾರು ಜನ ಸತ್ತರು. ಎಲ್ಬೆ ನದಿಯ ನೀರನ್ನೇ ಕುಡಿಯುತ್ತಿದ್ದ, ಆದರೆ ಮರಳಿನಲ್ಲಿ ಸೋಸಿ ಕುಡಿಯುತ್ತಿದ್ದ ಪಕ್ಕದ ಆಲ್ಟೋನಾ ಬಹುಮಟ್ಟಿಗೆ ಉಳಿಯಿತು.

ಆ ಪದರ ಜೀವಂತವಾಗಿರುವುದರಿಂದಲೇ ತೊಂದರೆಯೂ ಉಂಟು. ನೀರು ನಿಂತರೆ ಅದಕ್ಕೆ ಆಮ್ಲಜನಕ ಸಿಗುವುದಿಲ್ಲ. ಕರೆಂಟ್ ಬಂದಾಗ ಪಂಪ್ ಹಾಕಿ, ಹೋದಾಗ ಬಿಟ್ಟುಬಿಟ್ಟರೆ ಪದರ ಸೊರಗುತ್ತೆ. ಇನ್ನೊಂದು, ತೊಟ್ಟಿ ಕಟ್ಟಿಕೊಂಡಾಗ ಮೇಲಿನ ಒಂದೆರಡು ಸೆಂಟಿಮೀಟರ್ ಮರಳನ್ನು ಕೆರೆದು ತೆಗೆಯಬೇಕು. ಕೆರೆದ ಮೇಲೆ ಪದರ ಮತ್ತೆ ಕೂಡುವ ತನಕ, ಅಂದ್ರೆ ಕೆಲವು ದಿನದಿಂದ ಎರಡು ವಾರದವರೆಗೆ, ಆ ತೊಟ್ಟಿಯ ನೀರನ್ನು ಊರಿಗೆ ಬಿಡಬಾರದು. ಎರಡು ತೊಟ್ಟಿ ಕಟ್ಟುವುದು ಅದಕ್ಕೇ. ನಾನು ನೋಡಿದ ಕಡೆ ಬೆಳಿಗ್ಗೆ ಕೆರೆದು ಸಂಜೆಗೇ ನೀರು ಬಿಟ್ಟರು. ನಡೆಸುವಾತನ ತಪ್ಪಲ್ಲ ಅದು, ಆತನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಲೆಕ್ಕ ದೊಡ್ಡದೇನಲ್ಲ. ಜಲಜೀವನ ಮಿಷನ್ ಪ್ರಕಾರ ಒಬ್ಬರಿಗೆ ದಿನಕ್ಕೆ 55 ಲೀಟರ್. ಮೂರು ಸಾವಿರ ಜನರ ಊರಿಗೆ 1,65,000 ಲೀಟರ್. ಗಂಟೆಗೆ 10 ಸೆಂಟಿಮೀಟರಿನಂತೆ ಹಗಲು ರಾತ್ರಿ ಇಳಿದರೆ ಸುಮಾರು 70 ಚದರ ಮೀಟರ್ ಮರಳು ಸಾಕು, ಅಂದ್ರೆ ಒಂದು ತೊಟ್ಟಿ ಏಳು ಮೀಟರ್ ಅಗಲ, ಹತ್ತು ಮೀಟರ್ ಉದ್ದ. ಅಷ್ಟೇ ದೊಡ್ಡದು ಇನ್ನೊಂದು ಬೇಕು. ಮಳೆಗಾಲದ ಕೆಂಪು ನೀರಿಗೆ ಮಾತ್ರ ಇದು ತಡೆಯದು. ಮೊದಲು ಜಲ್ಲಿಯ ತೊಟ್ಟಿಯಲ್ಲಿ ಕೆಸರು ಇಳಿಸಿಕೊಂಡೇ ಮರಳಿಗೆ ಬಿಡಬೇಕು.

ಕೊನೆಗೆ ಬ್ಲೀಚಿಂಗ್ ಪುಡಿ. ಸೋಸಿದ ನೀರು ಪೈಪಿನಲ್ಲಿ ಮತ್ತೆ ಕೆಡಬಹುದು, ಅದಕ್ಕೇ ಕೊನೆಯ ನಲ್ಲಿಯಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಲೀಟರಿಗೆ 2 ಮಿಲಿಗ್ರಾಂ ಲೆಕ್ಕದಲ್ಲಿ ಹಾಕುವುದಾದರೆ ನಮ್ಮ ಊರಿಗೆ ಹೊಸ ಪುಡಿ ದಿನಕ್ಕೆ ಒಂದು ಕಿಲೋ ಸಾಕು, ಅದರಲ್ಲಿ ನೂರಕ್ಕೆ 33 ಭಾಗ ಕ್ಲೋರಿನ್ ಇರುತ್ತೆ. ಬಾಯಿ ತೆರೆದ ಚೀಲದಲ್ಲಿ ಬಿಸಿಲಿಗಿಟ್ಟು ಅದು 15ಕ್ಕೆ ಇಳಿದಿದ್ದರೆ ಎರಡು ಕಿಲೋಗೂ ಮಿಗಿಲು ಬೇಕು. ಚೀಲ ನೋಡಿದರೆ ವ್ಯತ್ಯಾಸ ಗೊತ್ತಾಗದು, ಪರೀಕ್ಷೆಯ ಬಣ್ಣ ನೋಡಬೇಕು.

ಇಲ್ಲಿ ಮತ್ತೆ ಪದಕ್ಕೇ ಬರ್ತೀನಿ. ನಮ್ಮ ಕಡೆ ನೀರನ್ನು ವಿಂಗಡಿಸುವುದು ನಾಲಿಗೆಯಿಂದ: ಸಿಹಿನೀರು, ಸಪ್ಪೆ ನೀರು, ಸವಳು ನೀರು. ರೋಗಾಣುವಿಗೆ ರುಚಿಯಿಲ್ಲ. ಅದನ್ನು ಕೊಲ್ಲುವ ಕ್ಲೋರಿನ್ನಿಗೆ ವಾಸನೆ ಇದೆ. ಅಜ್ಜಿ ನಲ್ಲಿ ನೀರಿನ ಕೊಡ ಮೂಸಿ ನೋಡಿ, “ಔಷಧಿ ವಾಸ್ನಿ ಬರ್ತದವ್ವ, ಚೆಲ್ಲು” ಅಂದಳು. ಒಂದರ್ಧ ದಿನ ಮುಚ್ಚಿಟ್ಟರೆ ವಾಸನೆ ಕಡಿಮೆಯಾಗುತ್ತೆ ಅಂತ ನಾನು ಹೇಳಿದೆ. ನಂಬಲಿಲ್ಲ. ಬಚ್ಚಲಿಗೆ ಸುರಿದಳು.

ಚಾಟ್‌ನಲ್ಲಿ ಒಂದು ಪ್ರಶ್ನೆ ಬಂದಿದೆ: “ಹಾಗಾದ್ರೆ ಆರ್‌ಒ ಬೇಡವೇ?” ಬೇಕು, ಆದರೆ ಎಲ್ಲ ಕಡೆ ಅಲ್ಲ. ಫ್ಲೋರೈಡನ್ನು ಮರಳೂ ತೆಗೆಯದು, ಬ್ಲೀಚಿಂಗೂ ತೆಗೆಯದು. ಬೋರಿನ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದು, ಕಾಲುವೆ ನೀರು ಮುಟ್ಟದ ಊರಾದರೆ ಕುಡಿಯಲು, ಅಡುಗೆಗೆ ಆರ್‌ಒ ಸರಿ. ಅದು ಒಳಗೆ ಹೋದ ನೀರಿನಲ್ಲಿ ಒಂದು ಪಾಲನ್ನು ಹೊರಗೆ ಚೆಲ್ಲುತ್ತೆ ಅನ್ನೋದು ನೆನಪಿರಲಿ. ಕಾಲುವೆ ನೀರು ಬರುವ ಊರಿನಲ್ಲಿ ಕ್ಯಾನಿಗೆ ದುಡ್ಡು ಕೊಡಲಾಗದವರು ಕುಡಿಯುವುದು ನಲ್ಲಿ ನೀರನ್ನೇ.

ಮುಂದಿನ ಸಲ ಹೋದಾಗ ಆ ತೊಟ್ಟಿಯ ಗೋಡೆಗೆ ಕನ್ನಡ, ತೆಲುಗು ಎರಡರಲ್ಲೂ ‘ಮರಳು ಫಿಲ್ಟರ್’ ಅಂತ ಬರೆಸೋಣ ಅಂತ ಅಲ್ಲಿನ ಹುಡುಗರ ಜೊತೆ ಮಾತಾಗಿದೆ. ಕೆರೆದ ತಾರೀಖು ಬರೆಯೋಕೆ ಕೆಳಗೊಂದಿಷ್ಟು ಜಾಗ ಬಿಡ್ತೀವಿ.