ಬಾಗಿಲು ಕೆಟ್ಟರೆ ಮನೆ ಕೆಡವಬೇಕೆ?

ನಮ್ಮ ಚಿಲಮತ್ತೂರು ಗಡಿಯ ಊರು. ಮನೆಯಲ್ಲೊಂದು ಭಾಷೆ, ಅಂಗಡಿಯಲ್ಲಿ ಇನ್ನೊಂದು. ಆದುದರಿಂದಲೇ ವಿದ್ಯಾರ್ಥಿಗಳು ಅಜ್ಜಿಯರ ಬಾಯಿಂದ ಕೇಳಿ ಬರೆದ ಕನ್ನಡ ಗಾದೆ, ಒಗಟುಗಳನ್ನು ಶಾಲೆಯ ಒಂದು ಕಂಪ್ಯೂಟರಿನಲ್ಲಿ ಕೂಡಿಡುತ್ತ ಬಂದಿದ್ದೇವೆ. ಅವುಗಳಿಗೆ ಬೇರೆ ಪ್ರತಿ ಇರಲಿಲ್ಲ. ಇದು ನಮ್ಮ ಮೊದಲನೆಯ ತಪ್ಪು.

ಆ ಯಂತ್ರದಲ್ಲಿರುವುದು ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆ. ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳು ಬಳಸುವ, ಕೇರಳದ ಕೈಟ್ ಸಂಸ್ಥೆ ಸಿದ್ಧಪಡಿಸಿದ ವ್ಯವಸ್ಥೆಯೂ ಇದನ್ನೇ ಆಧರಿಸಿದೆ. ಅದನ್ನು ಹೊಸ ಆವೃತ್ತಿಗೆ ಏರಿಸುವಾಗ ನಡುವೆ ಒಂದು ಎಚ್ಚರಿಕೆ ಕಾಣಿಸಿತು: ಗ್ರಬ್ ಅನ್ನು ಡಿಸ್ಕಿನಲ್ಲಿ ಬರೆಯಲಾಗಲಿಲ್ಲ, ಹಾಗೆಯೇ ಮುಂದುವರಿಯಬೇಕೆ? ನಾವು ಪೂರ್ತಿ ಓದದೆ 'ಹೌದು' ಎಂದು ಒತ್ತಿದೆವು. ಇದು ಎರಡನೆಯ ತಪ್ಪು. ಮತ್ತೆ ಚಾಲೂ ಮಾಡಿದಾಗ ಕಪ್ಪು ತೆರೆಯ ಮೇಲೆ 'ಗ್ರಬ್ ರೆಸ್ಕ್ಯೂ' ಎಂಬ ಪದಗಳು ಮಾತ್ರ ನಿಂತವು. "ಫಾರ್ಮ್ಯಾಟ್ ಮಾಡಿಬಿಡಿ ಮೇಷ್ಟ್ರೇ" ಎಂದರು ನೋಡಿದವರು. ಹಾಗೆ ಮಾಡಿದ್ದರೆ ಅಜ್ಜಿಯರ ಮಾತೆಲ್ಲ ಅಳಿದುಹೋಗುತ್ತಿತ್ತು.

ಗ್ರಬ್ ಎಂದರೇನು? ಬೆಳಿಗ್ಗೆ ಶಾಲೆಯ ಬೀಗ ತೆಗೆಯುವ ಜವಾನನಂತೆ, ಯಂತ್ರ ಎದ್ದ ಕೂಡಲೇ ಲಿನಕ್ಸನ್ನು ಹುಡುಕಿ ಕೆಲಸಕ್ಕೆ ಹಚ್ಚುವ ಚಿಕ್ಕ ಕಾರ್ಯಕ್ರಮ. ಇಂಥದಕ್ಕೆ ಬೂಟ್‌ಲೋಡರ್ ಎನ್ನುತ್ತಾರೆ. ಹಳೆಯ ಬಯಾಸ್ ಕ್ರಮದ ಯಂತ್ರಗಳಲ್ಲಿ ಡಿಸ್ಕಿನ ಮೊದಲ 512 ಬೈಟುಗಳ ಪೈಕಿ 446 ಮಾತ್ರ ಇದಕ್ಕೆ ಮೀಸಲು. ಅಷ್ಟರಲ್ಲಿ ಎಲ್ಲವೂ ಹಿಡಿಯದು. ಆದ್ದರಿಂದ ಮೊದಲ ತುಣುಕು ಅಲ್ಲಿ, ಎರಡನೆಯದು ಅದರ ಪಕ್ಕದಲ್ಲಿ, ಉಳಿದ ಭಾಗಗಳು 'ಬೂಟ್' ಎಂಬ ಫೋಲ್ಡರಿನಲ್ಲಿ ಇರುತ್ತವೆ.

ಕೆಟ್ಟದ್ದೆಲ್ಲಿ? ಹಿಂದಿನ ವರ್ಷ ಹಳೆಯ ಡಿಸ್ಕಿನಲ್ಲಿದ್ದುದನ್ನೆಲ್ಲ ಹೊಸದಕ್ಕೆ ನಕಲು ಮಾಡಿದ್ದೆವು. ಗ್ರಬ್ ಪ್ಯಾಕೇಜು ತಾನು ಬರೆಯಬೇಕಾದ ಡಿಸ್ಕಿನ ಗುರುತನ್ನು ಕ್ರಮಸಂಖ್ಯೆ ಸಹಿತ ನೆನಪಿಟ್ಟಿರುತ್ತದೆ. ಮನೆ ಬದಲಾಯಿಸಿದವರ ಕಾಗದ ಹಳೆಯ ವಿಳಾಸಕ್ಕೆ ಹೋದಂತಾಯಿತು. ಫೋಲ್ಡರಿನ ಭಾಗಗಳು ಹೊಸವಾದುವು, ಡಿಸ್ಕಿನ ಆರಂಭದ ತುಣುಕುಗಳು ಹಳೆಯವಾಗಿಯೇ ಉಳಿದುವು. ಇವೆರಡೂ ಹೊಂದಲಿಲ್ಲ. 2020ರ ಜುಲೈ ತಿಂಗಳಲ್ಲಿ 'ಬೂಟ್‌ಹೋಲ್' ಎಂಬ ಭದ್ರತಾ ದೋಷಕ್ಕೆ ತಿದ್ದುಪಡಿ ಬಂದಾಗಲೂ ಇಂಥ ಹೊಂದಾಣಿಕೆ ತಪ್ಪಿ ಕೆಲವು ಉಬುಂಟು ಯಂತ್ರಗಳು ಏಳದೆ ನಿಂತಿದ್ದುವು.

ಇನ್ನು ಪರಿಹಾರ. ಉಬುಂಟು ತುಂಬಿದ ಪೆನ್‌ಡ್ರೈವಿನಿಂದ, ಏನನ್ನೂ ಹೊಸದಾಗಿ ಸ್ಥಾಪಿಸದೆ, ಯಂತ್ರವನ್ನು ಎಬ್ಬಿಸಿದೆವು. ಡಿಸ್ಕನ್ನು ತೆರೆದು ನೋಡಿದರೆ ಗಾದೆಗಳೆಲ್ಲ ಇದ್ದಲ್ಲಿಯೇ ಇವೆ! ಮೊದಲು ಅವುಗಳನ್ನು ಇನ್ನೊಂದು ಪೆನ್‌ಡ್ರೈವಿಗೆ ನಕಲು ಮಾಡಿಕೊಂಡೆವು. ಬಳಿಕ 'ಎಲ್‌ಎಸ್‌ಬಿಎಲ್‌ಕೆ' ಎಂಬ ಆಜ್ಞೆಯಿಂದ ಡಿಸ್ಕುಗಳ ಪಟ್ಟಿ ತೆಗೆದು, ಗಾತ್ರ ನೋಡಿ ನಮ್ಮ ಡಿಸ್ಕು ಯಾವುದೆಂದು ಗುರುತಿಸಿದೆವು. ಅನಂತರ ಅದರ ಬೂಟ್ ಫೋಲ್ಡರನ್ನು ತೋರಿಸಿ 'ಗ್ರಬ್-ಇನ್‌ಸ್ಟಾಲ್' ಆಜ್ಞೆ ಕೊಟ್ಟೆವು. ಇಲ್ಲಿ ಡಿಸ್ಕಿನ ಒಂದು ವಿಭಾಗದ ಹೆಸರನ್ನಲ್ಲ, ಇಡೀ ಡಿಸ್ಕಿನ ಹೆಸರನ್ನು ಕೊಡಬೇಕು. ಯಂತ್ರ ಎದ್ದಿತು. ಕೊನೆಗೆ 'ಡಿಪಿಕೆಜಿ-ರೀಕಾನ್ಫಿಗರ್ ಗ್ರಬ್-ಪಿಸಿ' ಆಜ್ಞೆಯಿಂದ ಹೊಸ ಡಿಸ್ಕಿನ ಗುರುತನ್ನು ಆರಿಸಿಕೊಟ್ಟೆವು. ಇದನ್ನು ಮರೆತರೆ ಮುಂದಿನ ಸಲವೂ ಅದೇ ಪಾಡು.

ವಿದ್ಯಾರ್ಥಿಗಳೇ, ಎಚ್ಚರಿಕೆ ಬಂದಾಗ ಮೊದಲು ಓದಿರಿ, ಆಮೇಲೆ ಒತ್ತಿರಿ. ಪೋಷಕರೇ, ಮನೆಯ ಯಂತ್ರ ಏಳದಿದ್ದರೆ ಅದರೊಳಗಿನದೆಲ್ಲ ಹೋಯಿತೆಂದು ತಿಳಿಯಬೇಡಿರಿ, ಅಳಿಸಲು ಅವಸರಪಡಬೇಡಿರಿ. ನಮ್ಮ ಗಾದೆಗಳು ಈಗ ಎರಡು ಪೆನ್‌ಡ್ರೈವುಗಳಲ್ಲಿಯೂ ಒಂದು ನೋಟುಪುಸ್ತಕದಲ್ಲಿಯೂ ಇವೆ.